ಅಣ್ಣ ಕಡೀತಾನೆ

ಮೊನ್ನೆ ಬೆಳಿಗ್ಗೆ ಮೊಮ್ಮಗಳು ಒಂದು ಕಾಲು ಎತ್ತಿಕೊಂಡು ಕುಂಟುತ್ತಾ ಬಂದು, "ಅಜ್ಜಿ, ಇರುವೆ ಕಡೀತು" ಅಂದಳು. ಸುಣ್ಣ ಹಚ್ಚಿ ಕಳಿಸಿದೆ. ಅಷ್ಟೇ ಆಗಿದ್ದು. ಅವಳು ಆಟಕ್ಕೆ ಓಡಿಹೋದ ಮೇಲೂ ನಾನು ಬೆರಳಿನ ಸುಣ್ಣ ಒರೆಸಿಕೊಳ್ಳದೆ ಕೂತೇ ಇದ್ದೆ. ನೋಡಿ, ನಮ್ಮ ಮಾತಿನಲ್ಲಿ ಇರುವೆಯೂ ಕಡಿಯುತ್ತದೆ, ಮಚ್ಚು ಹಿಡಿದವನೂ ಕಡಿಯುತ್ತಾನೆ. ನಾನು ಓದಿದ್ದು ನಾಲ್ಕನೇ ಕ್ಲಾಸು, ಅದರಲ್ಲೂ ಅರ್ಧ ವರ್ಷ ಹೊಟ್ಟೆನೋವಿನ ನೆಪ. ವ್ಯಾಕರಣ ಯಾವ ದಿಕ್ಕಿನಲ್ಲಿದೆ ಅಂತಲೂ ಗೊತ್ತಿಲ್ಲ. ಈ ಒಂದು ಪದ ಮಾತ್ರ ಮರೆಯದ ಹಾಗೆ ಕಲಿತಿದ್ದೇನೆ.

ಅಣ್ಣ ನಂಜುಂಡ ಗಾರೆ ಕೆಲಸದವನು. ಎಪ್ಪತ್ತರ ದಶಕ ಅದು. ವಿಜಯನಗರದಲ್ಲಿ ಸೈಟಿನ ಕಲ್ಲು ನೆಟ್ಟ ಕಡೆಯೆಲ್ಲ ಮನೆ ಏಳುತ್ತಿತ್ತು, ಅವನಿಗೆ ಕೈತುಂಬ ಕೆಲಸ. ಈಗಲೂ ಆರ್‌ಪಿಸಿ ಲೇಔಟಿನಲ್ಲಿ ಹಳೆಯ ಮನೆ ಕಂಡರೆ ನಿಂತು ಗೋಡೆಯ ಮೂಲೆ ಸವರುತ್ತೇನೆ. ಒಳಗಿನಿಂದ ಯಾರಾದರೂ ಇಣುಕಿದರೆ ವಿಳಾಸ ಹುಡುಕುವವಳ ಹಾಗೆ ನಟಿಸುತ್ತೇನೆ. ಅಣ್ಣ ಎತ್ತಿದ ಮೂಲೆ ಗೆರೆ ಎಳೆದಂತೆ ಇರುತ್ತಿತ್ತು. ದಾರಕ್ಕೆ ಕಟ್ಟಿದ ತೂಕದ ಗುಂಡನ್ನು ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಆಗ ನಮ್ಮ ಮನೆಯಲ್ಲಿ ಗುಂಡು ಅಂದರೆ ಅದೊಂದೇ.

ಒಂದು ದಿನ, ಎತ್ತರದ ಗೋಡೆಗೆ ನಿಂತು ಕೆಲಸ ಮಾಡಲು ಕಟ್ಟಿದ್ದ ಸಾರುವೆ ಮರದಿಂದ ಜಾರಿ ಬಿದ್ದ. ತಲೆಯ ಗಾಯ ಮಾಯಿತು, ಅಣ್ಣ ಮಾತ್ರ ಮೊದಲಿನ ಹಾಗಾಗಲಿಲ್ಲ. ಇದ್ದಕ್ಕಿದ್ದಂತೆ ಕಣ್ಣು ಕೆಂಪಾಗುವುದು, ಪಾತ್ರೆ ಎಸೆಯುವುದು, ಎಡಗೈಯನ್ನು ಬಾಯಿಗೆ ಕೊಟ್ಟು ರಕ್ತ ಬರುವಂತೆ ಕಡಿದುಕೊಳ್ಳುವುದು. ಬಲಗೈಯಲ್ಲಿ ಕರಣೆ, ಗಾರೆ ಮೆತ್ತುವ ಆ ಪುಟ್ಟ ಕಬ್ಬಿಣದ ಹಲಗೆ, ಇದ್ದೇ ಇರುತ್ತಿತ್ತು. ಅದನ್ನು ಕಿತ್ತುಕೊಳ್ಳಲು ಹೋದರೆ ಕೆರಳುತ್ತಿದ್ದ. ಅತ್ತಿಗೆಗೆ ಅವನನ್ನು ಸಂಭಾಳಿಸುವ ದಾರಿ ಗೊತ್ತಿತ್ತು. ಹೊಸ್ತಿಲ ಮೇಲೆ ಅವನಿಗೆ ಬೆನ್ನು ಹಾಕಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ಸುಮಾರು ಹೊತ್ತಾದ ಮೇಲೆ, "ಗೋಡೆ ಎಷ್ಟೆತ್ತರ ಬಂತ್ರೀ?" ಅನ್ನುತ್ತಿದ್ದಳು. ಅವನು ಕೈ ಬಾಯಿಂದ ತೆಗೆದು, "ಕಿಟಕಿ ಮಟ್ಟಕ್ಕೆ" ಅನ್ನುತ್ತಿದ್ದ. ಅಲ್ಲಿಗೆ ಮುಗಿಯಿತು.

ಆ ದಿನ ಅತ್ತಿಗೆ ಇರಲಿಲ್ಲ. ಬಾಣಂತನಕ್ಕೆಂದು ಕೆಂಗೇರಿಯ ತವರಿನಲ್ಲಿದ್ದಳು, ಹಸುಗೂಸು ಗಿರಿಜೆಯ ಜೊತೆ. ಅಪ್ಪ ಅಮ್ಮ ಹೋಗಿ ವರ್ಷಗಳಾಗಿದ್ದವು. ಹೇರೋಹಳ್ಳಿಯಿಂದ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು, ಚಿಕ್ಕಪ್ಪ ಅವರನ್ನು ಕರೆತರಲು ಹೋಗಿದ್ದ. ನಾನು ತಲೆಗೆ ಹೂ ಮುಡಿಯುತ್ತಿರುವಾಗ ಅಂಗಳದಲ್ಲಿ ಕೊಡ ಉರುಳಿದ ಸದ್ದಾಯಿತು. ಅಣ್ಣ ಶುರು ಮಾಡಿದ್ದ. ಹೊಸ್ತಿಲ ಮೇಲೆ ಕೂರಬಹುದಿತ್ತು ನಾನು. ಸೀರೆ ಮಾಸುತ್ತದೆ ಅನ್ನಿಸಿತು. ಸಂಜೆಯವರೆಗೆ ಇವನನ್ನು ಯಾರಾದರೂ ಎಲ್ಲಾದರೂ ಕೂರಿಸಿಕೊಂಡರೆ ಸಾಕು ಅನ್ನಿಸಿ, ಹಿಂಬಾಗಿಲಿಂದ ಪೊಲೀಸ್ ಸ್ಟೇಷನ್ನಿಗೆ ಓಡಿದೆ.

ಸಬ್‌ಇನ್ಸ್‌ಪೆಕ್ಟರು ಕಾಫಿ ಕುಡಿಯುತ್ತಿದ್ದರು. ಎಳೆಯ ವಯಸ್ಸು. "ಮನೆ ಜಗಳಕ್ಕೆಲ್ಲ ನಾವು ಬರೋಕಾಗುತ್ತೇನಮ್ಮ? ಮಜ್ಜಿಗೆ ಕೊಟ್ಟು ಮಲಗ್ಸು, ಹೋಗು."

"ಇಲ್ಲ ಸಾರ್, ಅಣ್ಣ ಕಡೀತಾನೆ" ಅಂದೆ.

ನನ್ನ ಮನಸ್ಸಿನಲ್ಲಿ ಇದ್ದದ್ದು ಹಲ್ಲು. ಅವರು ಲೋಟ ಕೆಳಗಿಟ್ಟರು. "ಕಡೀತಾನಾ? ಕೈಲಿ ಹಿಡ್ಕೊಂಡಿದಾನಾ?"

ಅವರಿಗೆ ಏನು ಕೇಳಿಸಿತು ಅಂತ ನನಗೆ ಆ ಕ್ಷಣವೇ ತಿಳಿಯಿತು. ಕಚ್ಚುತ್ತಾನೆ ಸಾರ್, ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತಾನೆ ಅನ್ನಬಹುದಿತ್ತು. ಹಾಗಂದರೆ ಲೋಟ ಮತ್ತೆ ಬಾಯಿಗೆ ಹೋಗುತ್ತದೆ ಅನ್ನುವುದೂ ತಿಳಿಯಿತು. "ಹಿಡ್ಕೊಂಡಿದಾನೆ ಸಾರ್" ಅಂದೆ. ಕರಣೆ ಅನ್ನಲಿಲ್ಲ.

ಅವರು ಸೊಂಟಕ್ಕೆ ರಿವಾಲ್ವರ್ ಸಿಕ್ಕಿಸಿಕೊಂಡರು. ಲಾಠಿ ಹಿಡಿದು ಇಬ್ಬರು ಕಾನ್‌ಸ್ಟೇಬಲ್‌ಗಳು ಬಂದರು. ಅಂಗಳಕ್ಕೆ ಬೇಲಿಯಿತ್ತು, ಬೇಲಿಗೆ ತಗಡಿನ ಬಾಗಿಲು. ಅಣ್ಣ ಒಳಗಡೆ ಎಡಗೈ ಕಚ್ಚಿಕೊಂಡು ಅತ್ತಿಂದಿತ್ತ ನಡೆಯುತ್ತಿದ್ದ. ಬಿಸಿಲಿಗೆ ಕರಣೆ ಹೊಳೆಯುತ್ತಿತ್ತು. ಇಬ್ಬರಲ್ಲಿ ವಯಸ್ಸಾದ ಕಾನ್‌ಸ್ಟೇಬಲ್ ಹೇಳಿದರು: "ಸಾರ್, ಬೇಲಿ ಬಾಗ್ಲು ಎಳ್ಕೊಂಡು ಆಚೆ ನಿಂತ್ಕೊಳಾಣ. ತಾನೇ ತಣ್ಣಗಾಗ್ತಾನೆ. ಎಲ್ಲಿಗೋಯ್ತಾನೆ ಅವ್ನು?"

"ಕಡೀತಾನೆ ಅಂತ ಅವಳೇ ಹೇಳ್ತಿದಾಳಲ್ರೀ." ಸಬ್‌ಇನ್ಸ್‌ಪೆಕ್ಟರು ನನ್ನ ಕಡೆ ತಿರುಗಿದರು. "ಅಲ್ವೇನಮ್ಮ?"

ನಾನು ಹೂಂ ಎಂದು ತಲೆಯಾಡಿಸಿದೆ.

ಅಣ್ಣ ನನ್ನನ್ನು ನೋಡಿದ. ಕೈ ಬಾಯಿಂದ ತೆಗೆದು ನನ್ನ ಕಡೆಗೇ ಬಂದ, ಸ್ವಲ್ಪ ಜೋರಾಗಿ. ಪಕ್ಕದಲ್ಲಿ ಏನೋ ಸಿಡಿಯಿತು. ಅಣ್ಣ ಬಿದ್ದ ಅನ್ನಲಾರೆ, ಅವನು ಕೂತ. ಕೆಲಸ ಮುಗಿಸಿ ದಣಿದವನು ಗೋಡೆಗೆ ಒರಗಲು ನೋಡುವಂತೆ ಹಿಂದಕ್ಕೆ ವಾಲಿದ. ಅಲ್ಲಿ ಗೋಡೆ ಇರಲಿಲ್ಲ. ಎದ್ದೇಳುತ್ತಾನೆ ಅಂತ ನಾನು ಕಾಯುತ್ತಲೇ ಇದ್ದೆ. ವಯಸ್ಸಾದ ಕಾನ್‌ಸ್ಟೇಬಲ್ ಬಗ್ಗಿ ಅವನ ಬಲಗೈ ಬಿಡಿಸಿ, "ಕರಣೆ ಇದು ಸಾರ್" ಅಂದರು. "ಏನು?" ಅಂದರು ಸಬ್‌ಇನ್ಸ್‌ಪೆಕ್ಟರು. "ಕರಣೆ." "ಏನದು?"

ಹೇರೋಹಳ್ಳಿಯವರು ದಾರಿಯಿಂದಲೇ ವಾಪಸು ಹೋದರು. ಆಮೇಲೆ ವಿಚಾರಣೆ ಅಂತ ಒಂದು ನಡೆಯಿತು. ದೊಡ್ಡ ಅಧಿಕಾರಿಯೊಬ್ಬರು, "ಕಡೀತಾನೆ ಅಂತ ನೀನು ಹೇಳಿದ್ದು ನಿಜವೇ?" ಎಂದು ಕೇಳಿದರು. ನಿಜ ಅಂದೆ. ಅದರಲ್ಲಿ ಸುಳ್ಳೇನಿತ್ತು? ಗುಂಡು ಹಾರಿಸಿದ್ದರಲ್ಲಿ ತಪ್ಪಿಲ್ಲವೆಂದಾಯಿತು. ಬೀದಿಯವರ ಬಾಯಲ್ಲಿ ನನ್ನಣ್ಣ ಮಚ್ಚು ನಂಜುಂಡನಾದ. ಮಚ್ಚು ನಮ್ಮ ಮನೆಯಲ್ಲೇ ಇರಲಿಲ್ಲ, ಎಳನೀರು ಬೇಕಾದರೆ ಪಕ್ಕದ ಮನೆಯಿಂದ ತರುತ್ತಿದ್ದೆವು.

ಈಗ ಟೀವಿಯಲ್ಲಿ ಇಂಥ ಸುದ್ದಿ ಬಂದಾಗ ನನ್ನ ಮಗ, "ಗುಂಡು ಹಾರಿಸ್ದೆ ಇನ್ನೇನ್ ಮಾಡ್ಬೇಕಿತ್ತು ಪೊಲೀಸ್ರು?" ಅನ್ನುತ್ತಾನೆ. ನಾನು ಎದ್ದು ಅಡುಗೆಮನೆಗೆ ಹೋಗುತ್ತೇನೆ. ಬಾಗಿಲು ಎಳೆದುಕೊಂಡು ಆಚೆ ನಿಲ್ಲಬೇಕಿತ್ತು. ಕಂಬಳಿ ಹೊದಿಸಿ ತಬ್ಬಿ ಹಿಡಿಯಬೇಕಿತ್ತು. ಕೈಲಿರುವುದು ಏನು ಅಂತ ಇನ್ನೊಮ್ಮೆ ಕೇಳಬೇಕಿತ್ತು. ಕೇಳದೆ ಗುಂಡು ಹಾರಿಸಿದ್ದು ಅವರ ತಪ್ಪು, ನನ್ನ ತಪ್ಪಿನಿಂದ ಅದೇನೂ ಸಣ್ಣದಾಗುವುದಿಲ್ಲ. ನನ್ನದೂ ಹಾಗೆಯೇ, ಅವರದರಿಂದ ಸಣ್ಣದಾಗಲಿಲ್ಲ.

ಮೊನ್ನೆ, ಮೊಮ್ಮಗಳಿಗೆ ಇರುವೆ ಕಡಿದ ದಿನವೇ ಸಂಜೆ, ಗಿರಿಜೆ ದೀಪಾಂಜಲಿ ನಗರದಿಂದ ಬಂದಳು. ಅವಳಿಗೀಗ ತಲೆ ನರೆತಿದೆ. ಅಪ್ಪ ಮಚ್ಚು ಬೀಸಿಕೊಂಡು ಬಂದವನು ಅಂತಲೇ ಕೇಳಿ ಬೆಳೆದವಳು. ಶಾಲೆಯಲ್ಲಿ ಯಾರೂ ಅವಳ ಪಕ್ಕ ಕೂರುತ್ತಿರಲಿಲ್ಲ.

"ಯಾಕತ್ತೆ, ಮುಖ ಹಿಂಗಿದೆ? ಊಟ ಮಾಡಿದ್ಯಾ ನೀನು?" ಅಂದಳು.

ಕೂರಿಸಿಕೊಂಡು ಎಲ್ಲ ಹೇಳಿದೆ. ಹೂ ಮುಡಿಯುತ್ತಿದ್ದದ್ದು, ಲೋಟ, ತಲೆಯಾಡಿಸಿದ್ದು. ಅವಳು ಅಳಲಿಲ್ಲ. ನನ್ನ ಬಾಯನ್ನೇ ನೋಡುತ್ತಿದ್ದಳು, ನಾನು ಬೇರೆ ಯಾವುದೋ ಭಾಷೆ ಮಾತಾಡುತ್ತಿರುವ ಹಾಗೆ.

"ಯಾರನ್ನ ಕಚ್ತಿದ್ರು ಅಪ್ಪ?"

"ತನ್ನ ಕೈನೇ ಕಣೇ. ಬೇರೆ ಯಾರನ್ನೂ ಅಲ್ಲ."

ಎದ್ದು ಚಪ್ಪಲಿ ಮೆಟ್ಟಿಕೊಂಡಳು. ಬಾಗಿಲ ಹತ್ತಿರ ನಿಂತು, "ಇದನ್ನ ಅಮ್ಮ ಸಾಯೋದ್ರೊಳಗೆ ಒಂದ್ಸಲನಾದ್ರೂ ಹೇಳಿದ್ರಾ ನೀವು?" ಎಂದು ಕೇಳಿದಳು.

ಇಲ್ಲ ಅಂದೆ. ಅವಳು ಮೆಟ್ಟಿಲಿಳಿದು ಹೋದಳು. ಮಾತು ಬಂದಾಗಿನಿಂದ ನನ್ನನ್ನು ಅವಳು ನೀವು ಅಂದದ್ದು ಅದೇ ಮೊದಲು.