ಗೆರೆ ಮೇಡಂ ನೋಡಿದ ಚೆಂಡು

ನಮ್ಮ ಕಾಲೇಜಿನ ಟೆನಿಸ್ ಕೋರ್ಟಿಗೆ ವರ್ಷಕ್ಕೊಮ್ಮೆ ಬಿಳಿ ಗೆರೆ ಬಳಿಯಲು ಒಬ್ಬ ಪೇಂಟರ್ ಬರುತ್ತಿದ್ದ. ಪಾಪದ ಪ್ರಾಣಿ. ಅವನು ಬಳಿದು ಮುಗಿಸಿದ ಮೇಲೆ ನಮ್ಮ ಕೋಚ್ ಮೇಡಂ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು, ಬಲಗಣ್ಣು ಮುಚ್ಚಿ, ಎಡಗಣ್ಣಿನಿಂದ ಗೆರೆಯುದ್ದಕ್ಕೂ ನೋಡಿ, "ನಡುವೆ ಡೊಂಕಿದೆ, ಮತ್ತೆ ಬಳಿ" ಅನ್ನುತ್ತಿದ್ದರು. ಅವನು ಎರಡು ಮೊಳೆ ಹೊಡೆದು ದಾರ ಎಳೆದು ಕಟ್ಟಿ ತೋರಿಸುತ್ತಿದ್ದ. ದಾರಕ್ಕೂ ಗೆರೆಗೂ ಕೂದಲೆಳೆಯಷ್ಟೂ ಅಂತರವಿರುತ್ತಿರಲಿಲ್ಲ. "ದಾರಾನೂ ಸೊಟ್ಟಗೇ ಕಟ್ಟಿದೀಯ" ಅನ್ನುತ್ತಿದ್ದರು ಮೇಡಂ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಅವನು ಗೊಣಗುತ್ತ ಮತ್ತೆ ಬಳಿಯುತ್ತಿದ್ದ, ನಾವು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದೆವು. ಆ ನಗು ನೆನೆದರೆ ಈಗ ನನಗೆ ನಾಚಿಕೆಯಾಗುತ್ತದೆ.

ನಾನು ಅದೇ ಕಾಲೇಜಿನ ಕ್ರೀಡಾ ವಿಭಾಗದಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದೆ. ಚೆಂಡು ಕೊಡುವುದು, ಚೆಂಡು ವಾಪಸ್ ತೆಗೆದುಕೊಳ್ಳುವುದು, ಕಳೆದ ಚೆಂಡಿಗೆ ಜಗಳ ಕಾಯುವುದು. ಹುಡುಗಿಯರು ನನ್ನನ್ನು ಸ್ಟೋರಕ್ಕ ಅನ್ನುತ್ತಿದ್ದರು, ಅವರ ಟೆನಿಸ್ ಕೋಚನ್ನು ಗೆರೆ ಮೇಡಂ. ಮೇಡಂ ಬಡಗಿಯ ಮಗಳು. ಹಲಗೆಯ ಅಂಚು ನೇರವಿದೆಯೇ ಅಂತ ಒಂದು ಕಣ್ಣು ಮುಚ್ಚಿ ನೋಡುವುದನ್ನು ಅಪ್ಪನಿಂದ ಕಲಿತವರು, ಕೋರ್ಟಿಗೆ ಬಂದರೂ ಅದನ್ನು ಬಿಡಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ ಯಾವಳೋ ಹುಡುಗಿ ಹೊಡೆದ ಸರ್ವ್ ನೇರ ಎಡಗಣ್ಣಿಗೆ ಬಡಿದು, ಮುಖ ಊದಿಕೊಂಡಿತ್ತು. ಆ ಹುಡುಗಿ ಅಳುತ್ತಿದ್ದರೆ ಇವರೇ ಸಮಾಧಾನ ಮಾಡಿದರು: "ಅಳಬೇಡ್ವೇ, ನಿನ್ನ ಸರ್ವ್ ಇವತ್ತೇ ಗುರಿ ಮುಟ್ಟಿದ್ದು." ನಾಲ್ಕು ದಿನ ಐಸ್ ಇಟ್ಟುಕೊಂಡು ಐದನೇ ದಿನ ಕೋರ್ಟಿಗೆ ಬಂದರು. ಡಾಕ್ಟರ ಹತ್ತಿರ ಹೋಗಿ ಅಂದರೆ, ಕಂಡರೆ ಸಾಕಲ್ಲ, ಕಾಣುತ್ತಿದೆಯಲ್ಲ ಅಂದರು.

ಆಗೆಲ್ಲ ಹೊಸ ಚೆಂಡು ಗಂಡು ಹುಡುಗರಿಗೆ, ಅವರು ಆಡಿ ಬಿಟ್ಟ ಬೋಳು ಚೆಂಡು ನಮ್ಮ ಹುಡುಗಿಯರಿಗೆ. ಒಂದು ಬೆಳಿಗ್ಗೆ ಮೇಡಂ ಬಕೆಟ್ ತುಂಬ ಬೋಳು ಚೆಂಡು ಹೊತ್ತು ಹೋಗಿ ಪ್ರಿನ್ಸಿಪಾಲರ ಮೇಜಿನ ಮೇಲೆ ಸುರಿದು, "ಇದರಲ್ಲಿ ಒಂದನ್ನಾದ್ರೂ ಪುಟಿಸಿ ತೋರಿಸಿ ಸರ್" ಅಂದರು. ಪ್ರಿನ್ಸಿಪಾಲರು ನಿಜವಾಗಿಯೂ ಒಂದನ್ನು ಪುಟಿಸಿದರು. ಅದು ಸತ್ತ ಇಲಿಯ ಹಾಗೆ ಬಿದ್ದಲ್ಲೇ ಬಿತ್ತು. ಮರುವಾರ ಹೊಸ ಡಬ್ಬ ಬಂತು.

ಇಂಥ ಹೆಂಗಸು ಸುಳ್ಳನ್ನು ಮಾತ್ರ ಸಹಿಸುತ್ತಿರಲಿಲ್ಲ. ಕಾಲೇಜು ಪಂದ್ಯಗಳಲ್ಲಿ ಗೆರೆ ನೋಡಲು ಪ್ರತ್ಯೇಕ ಜನ ಇರುವುದಿಲ್ಲ. ತನ್ನ ಕಡೆ ಬಿದ್ದ ಚೆಂಡು ಇನ್ ಅಥವಾ ಔಟ್ ಅಂತ ಆಡುವವಳೇ ಹೇಳಬೇಕು. ಸುಳ್ಳು ಹೇಳಿದರೆ ಹಿಡಿಯುವವರಿಲ್ಲ. ಹಾಗಾಗಿ ಮೇಡಂ ದಿನಾ ಹೇಳುತ್ತಿದ್ದರು, ಅನುಮಾನ ಬಂದರೆ ಎದುರಾಳಿಗೇ ಪಾಯಿಂಟ್ ಕೊಡಿ ಅಂತ. ತಾವೇ ಗೆರೆಯ ಮೂಲೆಯಲ್ಲಿ ನಿಂತಿರುತ್ತಿದ್ದರು. ಬರಬರುತ್ತ ಬೇರೆ ಕಾಲೇಜಿನವರು ಕೂಡ, ಜಗಳ ಬಂದರೆ, "ಗೆರೆ ಮೇಡಂ ಹೇಳ್ಲಿ ಬಿಡಿ" ಅನ್ನತೊಡಗಿದರು.

ಮೇಡಂ ಮದುವೆಯಾಗಲಿಲ್ಲ. ತಂಗಿ ತೀರಿಕೊಂಡಾಗ ಅವಳ ಒಂಬತ್ತು ವರ್ಷದ ಮಗಳನ್ನು ಮನೆಗೆ ಕರೆತಂದರು. ಹುಡುಗಿಗೆ ಮನೆಯಲ್ಲಿ ಇವರು ದೊಡ್ಡಮ್ಮ; ನೀನು, ಬಾ, ಹೋಗು ಅಂತ ಸಲಿಗೆ. ಕೋರ್ಟಿನಲ್ಲಿ ಮಾತ್ರ ಮೇಡಂ, ನೀವು. ಇಬ್ಬರೂ ಒಂದೇ ಸ್ಕೂಟರಿನಲ್ಲಿ ಬಂದು, ಗೇಟಿನ ಹತ್ತಿರ ಇಳಿದ ಕೂಡಲೇ ಅವಳು "ಗುಡ್ ಮಾರ್ನಿಂಗ್ ಮೇಡಂ" ಅನ್ನುತ್ತಿದ್ದಳು. ನನಗಂತೂ ಅದು ನಾಟಕದ ಹಾಗೆ ಕಾಣುತ್ತಿತ್ತು. ಆದರೆ ಹುಡುಗಿ ಆಟದಲ್ಲಿ ಬೆಂಕಿ. ಕಾಲೇಜು ಸೇರಿ ಮೂರನೇ ವರ್ಷಕ್ಕೆ ಅಂತರ ಕಾಲೇಜು ಫೈನಲ್ ತಲುಪಿದಳು. ಗೆದ್ದವಳಿಗೆ ಅಕಾಡೆಮಿಯಲ್ಲಿ ಜಾಗ, ಮುಂದೆ ಆಟವೇ ಜೀವನ. ಆಯ್ಕೆ ಮಾಡುವವರು ಬಂದು ಕುರ್ಚಿ ಹಾಕಿಕೊಂಡು ಕೂತಿದ್ದರು.

ಕೊನೆಯ ಸೆಟ್. ಇನ್ನೊಂದೇ ಪಾಯಿಂಟ್ ಬಂದರೆ ಅವಳದೇ ಗೆಲುವು. ಎದುರಾಳಿ ಜೋರಾಗಿ ಹೊಡೆದ ಚೆಂಡು ನಮ್ಮ ಹುಡುಗಿಯ ಕಾಲ ಹತ್ತಿರ, ಹಿಂದಿನ ಗೆರೆಯ ಬಳಿ ಬಿತ್ತು. "ಔಟ್!" ಅಂತ ಬೆರಳೆತ್ತಿ ಕುಣಿದಳು. ನಾವೆಲ್ಲ ಚಪ್ಪಾಳೆ ಶುರುಮಾಡಿದೆವು. ಎದುರಾಳಿ ಮಾತ್ರ ಮೇಡಂ ಕಡೆ ನೋಡಿದಳು.

ಮೇಡಂ ಮೂಲೆಯಲ್ಲಿ, ಎಂದಿನಂತೆ ಬಲಗಣ್ಣು ಮುಚ್ಚಿಯೇ ನಿಂತಿದ್ದರು. "ಇನ್" ಅಂದರು.

"ಇಲ್ಲ ಮೇಡಂ, ಔಟ್. ನನ್ನ ಕಾಲ ಹತ್ರಾನೇ ಬಿತ್ತು, ನಾನು ನೋಡ್ದೆ."

"ಸುಳ್ಳು ಹೇಳ್ಬೇಡ."

ಅಷ್ಟೇ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಆ ಹುಡುಗಿಯ ಮುಖ ಬಿಳಿಚಿಕೊಂಡಿತು. ಆಮೇಲೆ ಅವಳ ಒಂದು ಚೆಂಡೂ ನೆಟ್ ದಾಟಲಿಲ್ಲ. ಸೋತಳು. ಆಯ್ಕೆಯವರು ಕುರ್ಚಿ ಮಡಿಸಿಟ್ಟು ಎದ್ದು ಹೋದರು. ಸಂಜೆ ಮನೆಗೆ ಹೋಗಿ ಶೂ ಬಿಚ್ಚುವಾಗ ಅವಳು, "ಊಟ ಬೇಡ ಮೇಡಂ" ಅಂದಳಂತೆ. ಮನೆಯೊಳಗೆ, ಮೇಡಂ. ಪರೀಕ್ಷೆ ಮುಗಿಯುತ್ತಲೇ ಬೇರೆ ಊರಿನ ಹಾಸ್ಟೆಲ್ ಸೇರಿದಳು, ತಿರುಗಿ ಬರಲಿಲ್ಲ. ರ‍್ಯಾಕೆಟ್ ಬಾಗಿಲ ಹಿಂದೆ ಮೊಳೆಯಲ್ಲೇ ನೇತಾಡುತ್ತಿತ್ತು.

ಇತ್ತ ಮೇಡಂಗೆ ಪ್ರಾಮಾಣಿಕತೆಗೆ ಅಂತ ಒಂದು ಫಲಕ ಕೊಟ್ಟರು. ಅದು ಕ್ರೀಡಾ ವಿಭಾಗದ ಗೋಡೆಗೆ ಬಂತು. ಪ್ರತಿ ವರ್ಷ ಹೊಸ ಹುಡುಗಿಯರಿಗೆ ಅದನ್ನು ತೋರಿಸಿ, "ಸ್ವಂತ ಮಗಳಂಥವಳು ಸೋತರೂ ಪರವಾಗಿಲ್ಲ, ಚೆಂಡು ಇನ್ ಅಂದರೆ ಇನ್" ಅನ್ನುತ್ತಿದ್ದರು. ಹೇಳಿ ಮುಗಿಸಿ ಸ್ಟೋರಿಗೆ ಬಂದು ಚೆಂಡಿನ ಡಬ್ಬಗಳ ನಡುವೆ ಕೂರುತ್ತಿದ್ದರು. "ಸಿಟ್ಟು ಇಳಿದ ಮೇಲೆ ಬರ್ತಾಳೆ ಬಿಡು" ಅಂತ ನನಗೆ ಹೇಳುತ್ತಿದ್ದರು, ನಾನೇನೋ ಕೇಳಿದವಳ ಹಾಗೆ. ಹೀಗೆ ಹನ್ನೆರಡು ವರ್ಷ ಕಳೆಯಿತು.

ಮೇಡಂ ನಿವೃತ್ತಿಯಾದ ವರ್ಷ ಅವರ ಓದುವ ಕನ್ನಡಕಕ್ಕೆ ಅಂತ ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಆ ಡಾಕ್ಟರು ಲೆಕ್ಕದ ಪುಸ್ತಕದಂಥ ಚೌಕುಳಿ ಹಾಳೆಯೊಂದನ್ನು ಕೈಗೆ ಕೊಟ್ಟು, ಬಲಗಣ್ಣು ಮುಚ್ಚಿಸಿ, "ಗೆರೆಗಳೆಲ್ಲ ನೆಟ್ಟಗಿವೆಯಾ?" ಅಂದರು.

"ನಡುವೆ ಬಗ್ಗಿವೆ. ಅಚ್ಚು ಸರಿ ಹಾಕಿಲ್ಲ ನೀವು."

ನಾನು ಇಣುಕಿ ನೋಡಿದೆ. ಗೆರೆಗಳು ನೆಟ್ಟಗೇ ಇದ್ದವು.

ಎಡಗಣ್ಣಿನ ಹಿಂಬದಿಯಲ್ಲಿ ಹಳೇ ಪೆಟ್ಟಿನ ಕಲೆ ಇದೆ, ತುಂಬ ವರ್ಷದ್ದು, ಎರಡೂ ಕಣ್ಣು ತೆರೆದಾಗ ಒಳ್ಳೇ ಕಣ್ಣು ಅದನ್ನು ಮುಚ್ಚಿಹಾಕುತ್ತದೆ ಅಂತ ಡಾಕ್ಟರು ವಿವರಿಸಿದರು. ಮೇಡಂ ಮೆಲ್ಲಗೆ ಕೇಳಿದರು: "ಎಡಗಣ್ಣೊಂದರಲ್ಲೇ ನೋಡಿದ್ರೆ... ಗೆರೆ ಹತ್ರ ಬಿದ್ದ ಚೆಂಡು?"

"ಅದು ಹೇಳೋಕಾಗಲ್ಲ ಅಮ್ಮ. ಆಚೆ ಬಿದ್ದದ್ದು ಈಚೆ ಕಾಣಬಹುದು."

ಹೊರಗೆ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತುಬಿಟ್ಟರು. "ಆ ಪೇಂಟರ್ ಸರಿಯಾಗೇ ಬಳೀತಿದ್ದ ಕಣೆ" ಅಂದರು. ಆಮೇಲೆ, ಚೆಂಡು ಕಣ್ಣಿಗೆ ಬಡಿದಾಗಲೂ ಅಳದ ಹೆಂಗಸು, ಜನ ಓಡಾಡುವ ಜಾಗದಲ್ಲಿ ಬಿಕ್ಕಿಬಿಕ್ಕಿ ಅತ್ತರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಆದರೆ ಆ ಹೊತ್ತಿನಲ್ಲಿ ಅದನ್ನು ಯಾವ ಬಾಯಲ್ಲಿ ಹೇಳಲಿ?

ಹುಡುಗಿ ಬೇರೆ ಊರಲ್ಲಿ ಒಂದು ಔಷಧಿ ಅಂಗಡಿಯಲ್ಲಿದ್ದಾಳೆ ಅಂತ ಗೊತ್ತಿತ್ತು. ಮರುದಿನವೇ ಬಸ್ಸು ಹತ್ತಿದೆವು. ಕೌಂಟರಿನ ಹಿಂದೆ ನಿಂತು ಮಾತ್ರೆ ಎಣಿಸುತ್ತಿದ್ದಳು. ಎಣಿಸಿ ಲಕೋಟೆಗೆ ಹಾಕಿ, ಮತ್ತೆ ಸುರಿದು ಎಣಿಸಿ, ಇನ್ನೊಮ್ಮೆ ಸುರಿದು ಎಣಿಸಿದಳು. ನಮ್ಮನ್ನು ನೋಡಿ ಗಾಬರಿಯಾಗಿ, "ಬನ್ನಿ ಮೇಡಂ" ಅಂದಳು.

ಮೇಡಂ ಕೂರಲಿಲ್ಲ. ನಿಂತೇ ಎಲ್ಲ ಹೇಳಿದರು. ಕಣ್ಣು, ಚೌಕುಳಿ ಹಾಳೆ, ಪೇಂಟರ್. "ನನ್ನ ಮೇಲೆ ಸಿಟ್ಟಿರತ್ತೆ ನಿಂಗೆ. ಇರ್ಲಿ, ಇರ್ಬೇಕಾದ್ದೇ."

"ಸಿಟ್ಟು ಒಂದೇ ವಾರ ಇತ್ತು ಮೇಡಂ" ಅಂದಳು ಅವಳು. "ಆಮೇಲೆ ಅನ್ನಿಸ್ತು, ನೀವು ಯಾವತ್ತೂ ತಪ್ಪು ನೋಡಲ್ಲವಲ್ಲ ಅಂತ. ಗೆಲ್ಲೋ ಆಸೇಲಿ ನಾನೇ ಸುಳ್ಳು ಹೇಳಿರ್ಬೇಕು, ನನಗೇ ಗೊತ್ತಾಗಿಲ್ಲ ಅಂದ್ಕೊಂಡೆ. ನಾಚಿಕೆ ಆಯ್ತು. ಯಾವ ಮುಖ ಇಟ್ಕೊಂಡು ಮನೆಗೆ ಬರ್ಲಿ? ಈಗಲೂ ನನ್ನ ಕಣ್ಣು ನಂಬಲ್ಲ ನಾನು. ಬೀಗ ಹಾಕಿದ್ರೂ ಮೂರು ಸಲ ನೋಡ್ತೀನಿ."

ಸಿಟ್ಟು ಅಂದುಕೊಂಡೇ ಇವರು ಹನ್ನೆರಡು ವರ್ಷ ಕಾದಿದ್ದರು.

ಅವಳು ಕೌಂಟರಿನ ಮೇಲೆ ಬಾಗಿ, ಸಣ್ಣ ಹುಡುಗಿಯ ಹಾಗೆ ಕೇಳಿದಳು. "ಹಾಗಾದ್ರೆ ಅದು ಔಟಾ?"

ನಿಜ ಹೇಳಬೇಕೆಂದರೆ, ಗೊತ್ತಿಲ್ಲ. ಗೊತ್ತಾಗುವ ದಾರಿಯೂ ಇಲ್ಲ. ಮೇಡಂ ಬೆರಳು ಎತ್ತಿದರು. "ಔಟ್. ಖಂಡಿತ ಔಟೇ ಆಗಿತ್ತು ಮಗಳೇ."

ನನಗೆ ಗೊತ್ತಿದ್ದಂತೆ ಅವರು ಜೀವನದಲ್ಲಿ ಹೇಳಿದ ಒಂದೇ ಸುಳ್ಳು ಅದು. ಹುಡುಗಿ ಅವರ ಮುಖವನ್ನು ನೋಡುತ್ತಲೇ ಇದ್ದಳು. ಅವಳ ಕಣ್ಣು ತುಂಬಿ ಬಂತು.

"ಸುಳ್ಳು ಹೇಳ್ಬೇಡ ದೊಡ್ಡಮ್ಮ" ಅಂದಳು.

ಅಷ್ಟರಲ್ಲಿ ಯಾರೋ ಚೀಟಿ ಹಿಡಿದು ಬಂದರು. ಅವಳು ಕಣ್ಣೊರೆಸಿಕೊಂಡು ಚೀಟಿ ತೆಗೆದುಕೊಂಡಳು. ನಾವು ಹೊರಗೆ ಬಂದೆವು. "ನೋಡಿದ್ಯಾ, ಅವಳ ಕಣ್ಣು ಎಷ್ಟು ಸರಿಯಾಗಿದೆ" ಅಂದರು ಮೇಡಂ. ನಾನು ತಿರುಗಿ ನೋಡಿದೆ. ಅವಳು ಮಾತ್ರೆಗಳನ್ನು ಲಕೋಟೆಯಿಂದ ಮತ್ತೆ ಹೊರಗೆ ಸುರಿಯುತ್ತಿದ್ದಳು.