ಗೂಟದ ಗೋಡೆ

ವಡಗಾವಿಯ ನೇಕಾರ ಓಣಿಯಲ್ಲಿ ಸತ್ತವರನ್ನು ಕೂರಿಸಬೇಕೆಂದರೆ ಕಾಶವ್ವನೇ ಬರಬೇಕು. ಅಲ್ಲಿ ಮಗ್ಗ ಹಾಕಿ ಉಳಿದ ಜಾಗದಲ್ಲಿ ಬದುಕಿದ್ದವರೇ ಮೈಗೆ ಮೈ ತಾಗಿಸಿಕೊಂಡು ಓಡಾಡುತ್ತಾರೆ, ಇನ್ನು ಹೆಣ ಕೂರಿಸಿ ಭಜನೆ ಮಾಡುವುದೆಲ್ಲಿ ಬಂತು? ಅದಕ್ಕೆಂದೇ ಓಣಿಯ ಸಮುದಾಯ ಭವನವಿತ್ತು. ಅದರ ಪಶ್ಚಿಮದ ಗೋಡೆಗೆ ಎರಡು ಕಬ್ಬಿಣದ ಗೂಟ. ಉಸಿರು ನಿಂತ ಒಂದೆರಡು ತಾಸಿನಲ್ಲಿ, ಮೈ ಸೆಟೆಯುವ ಮುಂಚೆ, ಕಾಶವ್ವ ಹೆಣದ ಕಾಲು ಮಡಚಿ ಗೋಡೆಗೆ ಆನಿಸುತ್ತಿದ್ದಳು. ಗೂಟಕ್ಕೆ ಬಟ್ಟೆ ಬಿಗಿದು ಎದೆ ನಿಲ್ಲಿಸಿ ಹಣೆಗೆ ವಿಭೂತಿ ಬಳಿಯುತ್ತಿದ್ದಳು. ಲಿಂಗವಂತರು ಕುಳಿತೇ ಮಣ್ಣಿಗಿಳಿಯಬೇಕು. ಮೂವತ್ತು ವರ್ಷದಲ್ಲಿ ತನ್ನ ಗಂಡನನ್ನೂ ಸೇರಿಸಿ ಒಬ್ಬರನ್ನೂ ಅವಳು ವಾಲಲು ಬಿಟ್ಟಿರಲಿಲ್ಲ.

ಕೆಲಸ ಮುಗಿಸಿ, ತೊಳೆಯದೆ ಅದೇ ಕೈಯಲ್ಲಿ ಚಹಾ ಕುಡಿಯುವಳು. ಯಾರಾದರೂ ಮೂಗು ಮುರಿದರೋ, ಮುಗಿಯಿತು.

"ಶರಣರ ಮಕ್ಕಳಿಗೆ ಸೂತಕ ಎಲ್ಲಿಂದ ಬಂತ? ಕುಡಿ ಸುಮ್ನ!"

ಭವನದ ಸೂರು ಸೋರತೊಡಗಿದಾಗ ಕಮಿಟಿಯ ಬಸವಪ್ರಸಾದ ಒಂದು ಉಪಾಯ ತೆಗೆದ. ಅದನ್ನು ಮಂಗಲ ಕಾರ್ಯಾಲಯ ಮಾಡಿ ಮದುವೆಗಳಿಗೆ ಬಾಡಿಗೆ ಕೊಡುವುದು. ಹೊಸ ಟೈಲ್ಸ್, ಗುಲಾಬಿ ಬಣ್ಣ, ಪಶ್ಚಿಮದ ಗೋಡೆಗೆ ವೇದಿಕೆ. ಗೂಟಗಳನ್ನು ಮಾತ್ರ ಹೂವಿನ ಮಾಲೆ ಕಟ್ಟಲು ಬರುತ್ತವೆಂದು ಹಾಗೇ ಉಳಿಸಿದರು.

"ಹೆಣಾ ಕುಂದರಸೂದು ಇನ್ನ ಬಂದ್, ಆಯಿ. ಇಲ್ಲಾಂದ್ರ ಮದಿವಿಗೆ ಯಾರ ಬರ್ತಾರ?" ಎಂದ ಬಸವಪ್ರಸಾದ. "ಮೊದಲ್ನೇ ಮದಿವಿ ನಿಮ್ಮ ಮಮ್ಮಗಳು ಐಶ್ವರ್ಯಾಂದು. ಬಾಡಿಗಿ ಬ್ಯಾಡ. ನೀವು ಇಷ್ಟು ವರ್ಷ ಸೇವಾ ಮಾಡೀರಿ."

"ಆ ಗೋಡಿಗೆ ಅಕೀನ್ನ ಕುಂದರಸಬ್ಯಾಡ್ರೋ ಯಪ್ಪಾ."

"ಸೂತಕ ಇಲ್ಲಂತ ನೀವ ಹೇಳ್ತಿದ್ರಲ್ರಿ!" ಅವನು ನಕ್ಕ.

ಪಕ್ಕದ ಮನೆಯ ಭರಮವ್ವ ಆಗಲೇ ಹಾಸಿಗೆ ಹಿಡಿದಿದ್ದಳು. ಇಬ್ಬರೂ ಒಂದೇ ವರ್ಷ ಈ ಓಣಿಗೆ ಸೊಸೆಯಾಗಿ ಬಂದವರು. "ನನ್ನ ನೆಟ್ಟಗ ಕುಂದರಸಬೇಕ ನೋಡ, ಕಾಶಿ," ಎಂದು ಮಾತು ತೆಗೆದುಕೊಂಡಿದ್ದಳು. ಮದುವೆಗೆ ನಾಲ್ಕು ದಿನವಿರುವಾಗ ಅವಳ ಗಂಟಲಲ್ಲಿ ನೀರು ಇಳಿಯುವುದೂ ನಿಂತಿತು. ಕಾಶವ್ವ ಅಂಗೈಯಲ್ಲಿ ಲಿಂಗ ಹಿಡಿದು, ಇನ್ನೊಂದು ನಾಲ್ಕು ದಿನ ಇವಳನ್ನು ಇಟ್ಟುಕೋ ಎಂದು ಬೇಡಿದಳು. ಭರಮವ್ವನ ಸಲುವಾಗಿ ಬೇಡಿದ್ದಲ್ಲ ಎಂಬುದು ಅವಳಿಗೆ ಗೊತ್ತಿತ್ತು, ನಾಚಿಕೆಯೂ ಆಯಿತು.

ಮದುವೆಯ ದಿನ ಬೆಳಿಗ್ಗೆ ಏಳಕ್ಕೆ ಭರಮವ್ವನ ಮಗ ಮುತ್ತಪ್ಪ ಭವನದ ಹಿಂಬಾಗಿಲಿಗೆ ಬಂದು ನಿಂತ. ಅಂಗಿಯ ಗುಂಡಿ ತಪ್ಪಿ ಹಾಕಿದ್ದ.

"ಚಿಗವ್ವಾ, ಅವ್ವ ಹೋದ್ಲು. ಭವನ ಅಂತೂ ಇಲ್ಲ. ಮಗ್ಗದ ಬಾಜೂಕ ಈಟ ಜಾಗಾ ಮಾಡೇನಿ. ಬಂದು ಕುಂದರಸು."

ಎರಡು ನಿಮಿಷದ ದಾರಿ. ಕಾಶವ್ವ ಹೊರಡಲೆಂದು ಸೆರಗು ಸಿಕ್ಕಿಸಿಯೂ ಆಗಿತ್ತು. ತಿರುಗಿ ನೋಡಿದಳು. ಫೋಟೊದವನು ಐಶ್ವರ್ಯಾಳನ್ನು ವೇದಿಕೆಯ ಮೇಲೆ ಕೂರಿಸಿ ನೋಡುತ್ತಿದ್ದ. ಅವಳ ಎಡಕ್ಕೊಂದು ಗೂಟ, ಬಲಕ್ಕೊಂದು ಗೂಟ. ಎರಡಕ್ಕೂ ಬಿಗಿದ ಮಾಲೆ ಹುಡುಗಿಯ ಎದೆಯ ಮಟ್ಟಕ್ಕೆ ಹಾದು ಬಂದಿತ್ತು. ಕಾಶವ್ವ ಸಿಕ್ಕಿಸಿದ ಸೆರಗು ಬಿಚ್ಚಿದಳು. ಹೆಣ ಮುಟ್ಟಿದ ಕೈಯಲ್ಲಿ ಈ ಮಗುವಿನ ತಲೆಗೆ ಅಕ್ಷತೆಯ ಅಕ್ಕಿಕಾಳು ಹಾಕುವುದೇ?

"ಅಕ್ಕಿಕಾಳ ಬಿದ್ದ ಕೂಡ್ಲೆ ಬರ್ತೇನಿ," ಎಂದಳು. "ಅಲ್ಲೀತನಕಾ ಓಣ್ಯಾಗ ಯಾರಿಗೂ ಹೇಳಬ್ಯಾಡ."

ಮುತ್ತಪ್ಪ ಅವಳ ಮುಖ ನೋಡಿ ಹೋದ. ಅವಳ ಹೊರತು ಆ ಕೆಲಸ ಬಲ್ಲವರು ಓಣಿಯಲ್ಲಿ ಇನ್ನೊಬ್ಬರಿರಲಿಲ್ಲ.

ಮುಹೂರ್ತ ಹನ್ನೆರಡೂವರೆಗೆ. ಆಮೇಲೆ ಬೀಗರು ಕೈ ಬಿಡಲಿಲ್ಲ, ಫೋಟೊ, ಊಟ, ಮತ್ತೆ ಫೋಟೊ. ಕಾಶವ್ವ ಭರಮವ್ವನ ಮನೆಯ ಹೊಸ್ತಿಲು ದಾಟುವಾಗ ಮೂರು ಹೊಡೆದಿತ್ತು.

ಎರಡು ಮಗ್ಗದ ನಡುವೆ ಚಾಪೆಯ ಮೇಲೆ ಭರಮವ್ವ ಉದ್ದಕ್ಕೆ ಮಲಗಿದ್ದಳು. ಕಾಶವ್ವ ಅವಳ ಮೊಣಕಾಲು ಹಿಡಿದು ಮಡಚಲು ನೋಡಿದಳು. ಬಗ್ಗಲಿಲ್ಲ. ಮೈಭಾರ ಹಾಕಿ ಒತ್ತಿದಳು. ಬಗ್ಗಲಿಲ್ಲ. ಅವಳ ತಲೆಗೂದಲಲ್ಲಿ ಸಿಕ್ಕಿದ್ದ ಅಕ್ಕಿಕಾಳು ನಾಲ್ಕಾರು ಹೆಣದ ಮೇಲೆ ಉದುರಿದವು.

"ತಪ್ಪಾತ, ಭರಮೀ," ಎಂದು ಕಾಶವ್ವ ಬಾಯಿಬಿಟ್ಟು ಅತ್ತಳು.

ಮುತ್ತಪ್ಪ ಬಾಗಿಲಲ್ಲೇ ನಿಂತಿದ್ದ. "ಅನಗೋಳದಿಂದ ಬಂದ ನಮ್ಮ ಬಳಗದವರು ಕುಂದರಸಾಕ ಅಂತ ಗುಣಿ ತೋಡ್ಯಾರ, ಚಿಗವ್ವಾ."

ಕಾಶವ್ವ ಗೆಳತಿಯ ಮೊಣಕಾಲ ಮೇಲೆ ಸೀರೆ ಎಳೆದು ಮುಚ್ಚಿದಳು.

"ಗುಣಿ ಉದ್ದ ಮಾಡಾಕ ಹೇಳು," ಎಂದಳು. ಆಮೇಲೆ ಬಚ್ಚಲಿಗೆ ಹೋಗಿ, ಮೂವತ್ತು ವರ್ಷದಲ್ಲಿ ಮೊದಲ ಸಲ, ಕೈ ತೊಳೆದುಕೊಂಡಳು.