ತಪ್ಪಿಲ್ಲದ ನಾಣ್ಯ

ಬೀದರಿನ ಗಾಂಧಿ ಗಂಜಿನಲ್ಲಿ, ಬೇಳೆಯ ಮೂಟೆಗಳ ನಡುವೆ ಗೋರಖನಾಥನ ಪುಟ್ಟ ಅಂಗಡಿ. ಟಂಕಸಾಲೆಯವರು ಮಾಡಿದ ತಪ್ಪಿನ ಮೇಲೆಯೇ ಅವನ ಹೊಟ್ಟೆಪಾಡು. ಅಚ್ಚು ಸರಿದ ರೂಪಾಯಿ, ಎರಡೂ ಬದಿ ಸಿಂಹವೇ ಇರುವ ರೂಪಾಯಿ ತಂದರೆ ಭೂತಗನ್ನಡಿ ಹಿಡಿದು, ತೂಗಿ, ಬೆಲೆ ಕಟ್ಟಿ ಕೊಳ್ಳುತ್ತಾನೆ; ನಾಣ್ಯ ಸಂಗ್ರಹಿಸುವವರಿಗೆ ಮಾರುತ್ತಾನೆ. ಮೊಬೈಲಿನ ವಿಡಿಯೋ ನಂಬಿ ಮಾಮೂಲಿ ಚಿಲ್ಲರೆಗೆ ಲಕ್ಷ ಕೇಳುವವರಿಗೆ ಅವನ ಉತ್ತರ ಒಂದೇ: "ಆ ವಿಡಿಯೋದವನ ಹತ್ರಾನೇ ಹೋಗ್ರಿ."

ಮೊನ್ನೆ ಭಾಲ್ಕಿಯಿಂದ ಬಂದ ಕೇಶರಬಾಯಿ ಒಂದು ಚೀಲ ಹತ್ತು ರೂಪಾಯಿ ನಾಣ್ಯ ಮೇಜಿನ ಮೇಲೆ ಸುರಿದಳು. ಅವನು ಒಂದೊಂದನ್ನೂ ಹೊರಳಿಸಿ ನೋಡಿದ.

"ಇವುಗಳಾಗ ಏನೂ ತಪ್ಪಿಲ್ರಿ, ಬಾಯಿ."

"ಅದ್ಹ್ಯಾಂಗ್ರಿ? ಭಾಲ್ಕಿ, ಔರಾದ, ಎಲ್ಲಿ ಕೊಟ್ರೂ ಯಾರೂ ತಗೋವಲ್ರು. ಏನರ ತಪ್ಪು ಇರಬೇಕಲ್ರಿ?"

"ಮಂದಿಗಿ ತಲಿ ಇಲ್ರಿ. ಸರ್ಕಾರದ ನಾಣ್ಯ ಹ್ಯಾಂಗ ನಡಿಯಲ್ಲ, ನಾ ತೋರಸ್ತೇನಿ ಬರ್ರಿ!"

ಅವಳ ಎರಡು ನಾಣ್ಯ ಹಿಡಿದು ಎದುರಿನ ಹೋಟೆಲಿಗೆ ನುಗ್ಗಿದ. ಇಬ್ಬರೂ ಚಹಾ ಕುಡಿದರು. ಅವನು ಠೀವಿಯಿಂದ ನಾಣ್ಯಗಳನ್ನು ಗಲ್ಲಾದ ಮೇಲೆ ಕುಟ್ಟಿದ. ಹೋಟೆಲಿನವನು ಅವನ್ನು ಸತ್ತ ಜಿರಳೆಗಳಂತೆ ಬೆರಳ ತುದಿಯಿಂದ ಹಿಂದಕ್ಕೆ ತಳ್ಳಿದ.

"ಇವು ಬಂದ್ ಆಗ್ಯಾವ್ರಿ."

ಗೋರಖನಾಥ ಕಾಯ್ದೆ ಹೇಳಿದ, ಕೂಗಾಡಿದ, ಜೇಬಿನಿಂದ ಭೂತಗನ್ನಡಿಯನ್ನೂ ತೆಗೆದ. ಹೋಟೆಲಿನವನು ಕದಲಲಿಲ್ಲ.

ಕೊನೆಗೆ ಕೇಶರಬಾಯಿ ಸೆರಗಿನ ಗಂಟು ಬಿಚ್ಚಿ, ನಡುವೆ ಹರಿದು ಟೇಪು ಹಚ್ಚಿದ ಇಪ್ಪತ್ತರ ನೋಟು ಕೊಟ್ಟಳು. ಹೋಟೆಲಿನವನು ಅದನ್ನು ಕಣ್ಣಿಗೊತ್ತಿಕೊಂಡು ಗಲ್ಲಾಕ್ಕೆ ಹಾಕಿದ.

"ನಾಣ್ಯದಾಗ ತಪ್ಪಿಲ್ಲ ಅಂದ್ರಿ, ಖರೇ ಅದ," ಎಂದಳು ಕೇಶರಬಾಯಿ, ಚೀಲ ಕಂಕುಳಿಗೆ ಏರಿಸುತ್ತ. "ಇನ್ನ ಮ್ಯಾಲ ಆ ಭೂತಗನ್ನಡಿ ಮಂದಿಗಿ ಹಿಡೀರಿ. ದಂಧಾ ಜೋರ ನಡೀತದ."